ಸೇರಿಸಿಕೊಂಡವರು ಕಳಿಸಿಕೊಡಲೂ ಕಲಿಯಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಬಿ.ಎ., ಬಿ.ಎಡ್. ಮಾಡಿದ ಸಮಾಜ ಪಾಠದ ಮೇಡಂ. ಕಂಪ್ಯೂಟರಿನ ಹೊಟ್ಟೆಯೊಳಗಿನ ವಿಚಾರ ನಿಮಗೇಕೆ ಎನ್ನುವವರು ದಯವಿಟ್ಟು ಪೂರ್ತಿ ಓದಬೇಕು.

ಕಳೆದ ವರ್ಷ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಏಳನೇ ತರಗತಿಯ ಮಕ್ಕಳು ಯುಎಸ್‌ಬಿ ಕ್ಯಾಮೆರಾ ಹಿಡಿದು ಇರುವೆಯ ಕಾಲು ನೋಡುತ್ತಿದ್ದರು. ಒಬ್ಬ ಹುಡುಗನ ಕಾಲಿಗೆ ತೊಡರಿ ಕೇಬಲ್ ಕಳಚಿತು. ಅಷ್ಟಕ್ಕೇ ಲಿನಕ್ಸ್ ಯಂತ್ರ ಕಲ್ಲಾಗಿ ಕೂತಿತು. ಬೆಳಗ್ಗೆಯಿಂದ ಅದರಲ್ಲೇ ತುಂಬಿಸಿಟ್ಟಿದ್ದ ಅಂಕಪಟ್ಟಿ ಹಾಳಾಯಿತು. ಸಿಟ್ಟಿನಲ್ಲಿ ಆ ಹುಡುಗನನ್ನು ಎಲ್ಲರೆದುರು ಗದರಿಬಿಟ್ಟೆ.

ಗೌರಿ ಹಬ್ಬಕ್ಕೆ ಅಕ್ಕನ ಮಗ ಬಂದಿದ್ದ. ಬೆಂಗಳೂರಿನಲ್ಲಿ ಡ್ರೈವರ್ ಬರೆಯುವುದೇ ಅವನ ಉದ್ಯೋಗ. ಬಸ್ಸಿನ ಡ್ರೈವರ್ ಅಲ್ಲ; ಕ್ಯಾಮೆರಾದಂಥ ಸಾಧನಕ್ಕೂ ಕರ್ನಲ್ ಎಂಬ ಮೂಲ ಆಡಳಿತಕ್ಕೂ ನಡುವೆ ನಿಂತು ವ್ಯವಹಾರ ನಡೆಸುವ ಪ್ರೋಗ್ರಾಂ. ಯಂತ್ರವನ್ನು ಪರೀಕ್ಷಿಸಿ, "ಡ್ರೈವರ್‌ನದೇ ತಪ್ಪು ಚಿಕ್ಕಮ್ಮ. ಆದರೆ ನೋಡ್ತಾ ಇರುವಾಗಲೇ ಯಾರು ಕೇಬಲ್ ಕೀಳ್ತಾರೆ ಹೇಳಿ?" ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಕೀಳಲಿಕ್ಕೆಂದೇ ಮಾಡಿದ ಕೇಬಲನ್ನು ಕೀಳದೆ ಪೂಜೆ ಮಾಡಬೇಕೆ?

ಅವನನ್ನು ಕೂರಿಸಿಕೊಂಡು ಕೇಳಿ ತಿಳಿದದ್ದು ಇಷ್ಟು. ಸಾಧನ ಸಿಕ್ಕಿಸಿದೊಡನೆ ಕರ್ನಲ್ ಡ್ರೈವರ್‌ನ 'ಪ್ರೋಬ್' ಎಂಬ ಭಾಗವನ್ನು ಕರೆಯುತ್ತದೆ. ಅದು ಮೆಮೊರಿ ಪಡೆಯುತ್ತದೆ, ಬೇಕಾದ ಏರ್ಪಾಡು ಮಾಡಿಕೊಳ್ಳುತ್ತದೆ, ಎಲ್ಲ ಸಿದ್ಧವಾದ ಮೇಲೆ ಕೊನೆಯಲ್ಲಿ ಸಾಧನದ ಹೆಸರನ್ನು ನೋಂದಾಯಿಸುತ್ತದೆ. ಮೂರನೆಯ ಹೆಜ್ಜೆ ತಪ್ಪಿದರೆ ಎರಡನೆಯದನ್ನು, ಆಮೇಲೆ ಮೊದಲನೆಯದನ್ನು ಬಿಚ್ಚುತ್ತ ಬರಬೇಕು. ಸಾಧನ ಹೊರಟಾಗಲೂ ಅದೇ ಹಿಂದುಮುಂದಿನ ಕ್ರಮ: ಮೊದಲು ನೋಂದಣಿ ರದ್ದು, ಮಿಕ್ಕದ್ದು ಆಮೇಲೆ. ದಾಖಲಾತಿ ವಹಿ ಬರೆದು, ವರ್ಗಾವಣೆ ಪತ್ರ ಕೊಟ್ಟು ಕೂದಲು ಹಣ್ಣಾದ ನಮಗೆ ಇದರಲ್ಲಿ ಹೊಸದೇನಿದೆ?

"ಈಗ ಅದೆಲ್ಲ ತಾನೇ ಆಗುತ್ತೆ ಚಿಕ್ಕಮ್ಮ" ಎಂದ. 2007ರಲ್ಲಿ ತೇಜುನ್ ಹಿಯೋ ಎಂಬವರು ಲಿನಕ್ಸಿನ 2.6.21ನೇ ಆವೃತ್ತಿಗೆ ತಂದ ಏರ್ಪಾಡಂತೆ, 'ಡೆವ್‌ಎಂ' ಎನ್ನುತ್ತಾರೆ. ಪಡೆದದ್ದನ್ನೆಲ್ಲ ಸಾಧನದ ಲೆಕ್ಕಕ್ಕೆ ಬರೆಸಿದರೆ, ಸಾಧನ ಹೊರಟಾಗ ಕರ್ನಲ್ ತಾನೇ ಹಿಂದಿನಿಂದ ಮುಂದಕ್ಕೆ ಬಿಡಿಸಿಬಿಡುತ್ತದೆ. ಒಳ್ಳೆಯ ಏರ್ಪಾಡೇ, ಅಲ್ಲವೆನ್ನುವುದಿಲ್ಲ. ಎಷ್ಟೋ ಮರೆವಿನ ತಪ್ಪುಗಳು ಇದರಿಂದ ತಪ್ಪಿವೆ.

ಆದರೆ ನಮ್ಮ ಯಂತ್ರ ಕೆಟ್ಟದ್ದು ಇದನ್ನೇ ನಂಬಿ. ಕೇಬಲ್ ಕಳಚಿತು, ಮೆಮೊರಿ ತಾನಾಗಿ ಹಿಂದಕ್ಕೆ ಹೋಯಿತು. ಮಕ್ಕಳ ಪರದೆಯ ಪ್ರೋಗ್ರಾಂ ಮಾತ್ರ ಕ್ಯಾಮೆರಾವನ್ನು ಇನ್ನೂ ತೆರೆದು ಹಿಡಿದಿತ್ತು. ಅದು ಮುಂದಿನ ಚಿತ್ರ ಕೇಳಿದಾಗ ಡ್ರೈವರ್ ಕೈಹಾಕಿದ್ದು ತನ್ನದಲ್ಲದ ಮೆಮೊರಿಗೆ. ಸಾಧನ ಹೋದರೂ ಹಿಡಿದವರು ಉಳಿದಿರುತ್ತಾರೆ! ಆದ್ದರಿಂದ ಎಷ್ಟು ಜನ ಹಿಡಿದಿದ್ದಾರೆಂದು ಎಣಿಸಬೇಕು. ಕೊನೆಯವರು ಕೈಬಿಟ್ಟ ಮೇಲಷ್ಟೇ ಮೆಮೊರಿ ಬಿಡಬೇಕು. ಗ್ರಂಥಾಲಯ ಮುಚ್ಚಿದರೂ ಪುಸ್ತಕ ಒಯ್ದ ಮಕ್ಕಳಿರುವವರೆಗೆ ವಹಿ ಹರಿಯುತ್ತೇವೆಯೆ?

ಇದು ಯಾರಿಗೂ ಹೊಳೆಯದ ಗುಟ್ಟೂ ಅಲ್ಲ. ಸಾಧನದ ನೋಂದಣಿ ವಿಫಲವಾದರೂ ಅದರ ಮೆಮೊರಿಯನ್ನು ನೇರವಾಗಿ ಬಿಡಬೇಡಿ, ನಿಮ್ಮ ಪಾಲಿನ ಹಿಡಿತವನ್ನಷ್ಟೇ ಬಿಡಿ ಎಂದು ಕರ್ನಲ್‌ನಲ್ಲೇ ಬರೆದಿದೆ. ಕೊನೆಯಲ್ಲಿ ಶುಚಿಮಾಡುವ 'ರಿಲೀಸ್' ಇಲ್ಲದಿದ್ದರೆ ಕರ್ನಲ್ ಗದರುತ್ತದೆ. ಆ ಬಾಯಿ ಮುಚ್ಚಿಸಲು ಖಾಲಿ ರಿಲೀಸ್ ಬರೆದುಕೊಡಬೇಡಿ ಎಂದೂ ದಾಖಲೆ ಬಿಡಿಸಿ ಹೇಳಿದೆ. ಹಾಗೆ ಹೇಳಬೇಕಾಗಿ ಬಂದದ್ದೇಕೆ? ಕಾಪಿ ಪುಸ್ತಕದಲ್ಲಿ ಖಾಲಿ ಹಾಳೆ ತೋರಿಸಿ ಸಹಿ ಕೇಳುವ ಹುಡುಗರನ್ನು ನಾನು ನೋಡಿಲ್ಲವೆ!

ಮೊದಲು 'ರಿಮೂವ್' ಭಾಗ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತಿತ್ತು, ಆಗಲಿಲ್ಲವೆಂದು ಹೇಳಬಹುದು ಎನ್ನುವಂತೆ. ಆದರೆ ಕರ್ನಲ್ ಅದಕ್ಕೆ ನಿಲ್ಲುತ್ತಿರಲಿಲ್ಲ. ಪ್ಲಾಟ್‌ಫಾರ್ಮ್ ಡ್ರೈವರ್‌ಗಳಲ್ಲಿ 2024ರ ಹೊತ್ತಿಗೆ ಆ ಸಂಖ್ಯೆಯನ್ನೇ ತೆಗೆದುಹಾಕಿದರು. ಸರಿಯಾದ ಪಾಠ. ಹೊರಟ ಸಾಧನವನ್ನು ಬೇಡವೆಂದು ತಡೆಯುವ ಹಕ್ಕು ಡ್ರೈವರ್‌ಗಿಲ್ಲ. ಕ್ರಮವಾಗಿ ಕಳಿಸುವ ಹೊಣೆ ಮಾತ್ರ ಇದೆ.

ಡ್ರೈವರ್ ಬರೆಯುವ ಮಕ್ಕಳಿಗೆ ನನ್ನದು ಒಂದೇ ಮಾತು. ಸಿಕ್ಕಿಸಿದಾಗ ನಡೆಯಿತೆಂದು ಬೀಗಬೇಡಿ. ಚಿತ್ರ ಓಡುತ್ತಿರುವಾಗಲೇ ಹತ್ತು ಸಲ ಕಿತ್ತು ನೋಡಿ, ಆಮೇಲೆ ಊರಿಗೆ ಕೊಡಿ. ನಿಮ್ಮ ಕೆಲಸ ಪರಿಶೀಲಿಸುವವರು ಪ್ರೋಬ್ ಓದುವ ಮುಂಚೆ ರಿಮೂವ್ ಓದಲಿ. ಡೆವ್‌ಎಂ ಬಳಸಿ, ಆದರೆ ಹೊರಗೆ ಯಾರು ಹಿಡಿದಿದ್ದಾರೆಂದು ಯೋಚಿಸುವ ಕೆಲಸವನ್ನು ಅದರ ತಲೆಗೆ ಕಟ್ಟಬೇಡಿ. ನೀವು ಮಾಡಿದ ತಪ್ಪಿಗೆ ಬೈಗುಳ ತಿನ್ನುವವನು ಬೇರೆ ಯಾರೋ ಆಗಿರುತ್ತಾನೆ.

ಅಕ್ಕನ ಮಗ ಆಮೇಲೆ ನಗಲಿಲ್ಲ. ತನ್ನ ಡ್ರೈವರನ್ನೂ ಒಮ್ಮೆ ಕಿತ್ತು ನೋಡುತ್ತೇನೆ ಎಂದು ಹೇಳಿ ಹೋದ.

ಸೋಮವಾರ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ, ತಪ್ಪು ನಿನ್ನದಲ್ಲಪ್ಪ, ಅಂಕಪಟ್ಟಿಯನ್ನು ಉಳಿಸದೆ ಬಿಟ್ಟ ತಪ್ಪು ನನ್ನದೂ ಇತ್ತು ಎಂದು ಎಲ್ಲರೆದುರೇ ಹೇಳಿದೆ. ಎಲ್ಲರೆದುರು ಗದರಿದ್ದನ್ನು ಎಲ್ಲರೆದುರೇ ಹಿಂತೆಗೆದುಕೊಳ್ಳಬೇಕು. ಅದೂ ಶುಚಿಮಾಡುವ ಕೆಲಸವೇ.