ಕಡಲಿಗೆ ಬೆನ್ನು ಹಾಕಿ ಕೂತರೆ ಆದೀತೇ?

ಇನ್ನು ಕೆಲವೇ ದಿನಗಳಲ್ಲಿ ಮೀನುಗಾರಿಕೆಗೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟು, ಪರ್ಸಿನ್‌ಗಳೆಲ್ಲ ಧಕ್ಕೆಯಲ್ಲಿ, ನೀರಿಗಿಳಿಯುವುದು ನಾಡದೋಣಿಗಳು ಮಾತ್ರ. ಅದೇ ಹೊತ್ತಿಗೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಕಲ್ಲು ಹೊತ್ತ ಲಾರಿಗಳ ಓಡಾಟವೂ ಶುರುವಾಗುತ್ತದೆ. ಹಿತ್ತಿಲಿಗೆ ಅಲೆ ಬಡಿಯುವಾಗ ಕಲ್ಲು ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನಮಗೂ ಬರುವುದಿಲ್ಲ. ಆದರೆ ಕಲ್ಲು ಹಾಕಿದಲ್ಲಿ ಅಲೆ ಸಿಟ್ಟಿನಿಂದ ಹಿಂದೆ ಸರಿದು ಬುಡದ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಒಂದು ಊರಿನಲ್ಲಿ ಮರಳಿನ ದಾರಿ ತಡೆದರೆ ಪಕ್ಕದ ಊರಿನ ದಡ ಬರಿದಾಗುತ್ತದೆ. ನಮ್ಮ ಮನೆ ಉಳಿಯಿತು, ಆಚೆಯವನ ತೆಂಗು ಬಿತ್ತು. ತಡೆಗೋಡೆ ಕೇಳುವ ಮನವಿಗಳಲ್ಲಿ ಈ ಮಾತು ಬರುವುದೇ ಇಲ್ಲ.

ಹಿಂದೆ ಕಡಲ್ಕೊರೆತ ಎಂದರೆ ಜೂನ್, ಜುಲೈ. ಈಗ ಆ ಲೆಕ್ಕ ನಡೆಯುವುದಿಲ್ಲ. ಓಖಿ ಬಂದದ್ದು 2017ರ ಡಿಸೆಂಬರ್ ಹೊತ್ತಿಗೆ, ಕ್ಯಾರ್ 2019ರ ಅಕ್ಟೋಬರಿನಲ್ಲಿ, ತೌಕ್ತೆ 2021ರ ಮೇಯಲ್ಲಿ. ಮೂರರಲ್ಲಿ ಒಂದೂ ನಮ್ಮ ಮಳೆಗಾಲದ್ದಲ್ಲ. ಅರಬ್ಬಿ ಕಡಲಿನ ನೀರು ಬಿಸಿಯಾಗುತ್ತಿದೆ, ಬಿಸಿ ನೀರೇ ಚಂಡಮಾರುತದ ಆಹಾರ. ಇನ್ನೊಂದುಂಟು: ಮೋಡವಿಲ್ಲ, ಗಾಳಿಯಿಲ್ಲ, ಆದರೂ ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಅಲೆ ಸಾವಿರಾರು ಮೈಲಿ ದಾಟಿ ಸದ್ದಿಲ್ಲದೆ ಅಂಗಳಕ್ಕೆ ನುಗ್ಗುತ್ತದೆ. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಎನ್ನುತ್ತಾರೆ. ಬ್ಯಾರಿ ಮಾತಾಡುವ ಮನೆಗಳಲ್ಲಿ ಇದರ ಅರ್ಥ ಹೇಳಬೇಕಾಗಿಲ್ಲ.

ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅದು ಮೊಬೈಲಿಗೆ ಬಂದು ಮದುವೆ ಫೋಟೋಗಳ ಅಡಿಯಲ್ಲಿ ಹೂತುಹೋಗುತ್ತದೆ. ಮರಣದ ಸುದ್ದಿ ಹೇಳುವ ಮಸೀದಿಯ ಮೈಕಿನಲ್ಲೇ ಇದನ್ನೂ ಹೇಳಬಾರದೇಕೆ? ಖರ್ಚೇನೂ ಇಲ್ಲವಲ್ಲ. ದಡದ ಮನೆಯವರು ಆಧಾರ್, ರೇಷನ್ ಕಾರ್ಡ್, ಜಾಗದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲಿ. ಗಲ್ಫಿನ ದುಡ್ಡಿನಲ್ಲಿ ಮನೆ ಕಟ್ಟಲು ಹೊರಟವರು ದಡದಿಂದ ಇನ್ನಷ್ಟು ಹಿಂದೆ ಸರಿದು ಪಾಯ ತೋಡಲಿ. ಬಾವಿಗೆ ಉಪ್ಪು ಇಳಿದ ಮೇಲೆ ಅಮೃತಶಿಲೆಯ ನೆಲ ಕುಡಿಯಲು ಬರುತ್ತದೆಯೇ?

ಇಷ್ಟೆಲ್ಲ ಹೇಳಿದ ಮೇಲೂ ಕಡಲನ್ನು ಬರೀ ಹೆದರಿಕೆಯಾಗಿ ಮಕ್ಕಳ ಕೈಗೆ ಕೊಡಲು ನಮಗೆ ಮನಸ್ಸಿಲ್ಲ. ನಮ್ಮ ಹಿರಿಯರು ಮಂಜಿ ಏರಿ ವ್ಯಾಪಾರ ಮಾಡಿದವರು. ಬೆಂಗ್ರೆಯಲ್ಲಿ ಈಗಲೂ ಒಂದು ಮಗ್ಗುಲಲ್ಲಿ ಫಲ್ಗುಣಿ ನದಿ, ಇನ್ನೊಂದರಲ್ಲಿ ಕಡಲು. ಇಳಿತದ ಹೊತ್ತಿನಲ್ಲಿ ಅಳಿವೆಯ ಕೆಸರಿನಲ್ಲಿ ಮರುವಾಯಿ ಹೆಕ್ಕುವ ಸುಖ, ಸಂಜೆ ತಣ್ಣೀರುಬಾವಿಯ ಮರಳಿನಲ್ಲಿ ಮನೆಮಂದಿಯೆಲ್ಲ ಚರುಮುರಿ ತಿನ್ನುವ ಸುಖ ದುಡ್ಡು ಕೊಟ್ಟರೂ ಸಿಗದು. ಆದರೆ ಕಡಲ ಪಕ್ಕದಲ್ಲೇ ಹುಟ್ಟಿದ ಎಷ್ಟೋ ಮಕ್ಕಳಿಗೆ ಈಜು ಬಾರದು. ಹೆಣ್ಣುಮಕ್ಕಳನ್ನಂತೂ ಯಾರೂ ಕೇಳಿಯೇ ಇಲ್ಲ. ರಜೆಗೆ ಬಂದ ನೆಂಟರ ಮಕ್ಕಳು ಅಲೆ ಕಂಡು ಓಡುತ್ತಾರೆ, ನಮ್ಮವರೂ ಹಿಂದೆ ಓಡುತ್ತಾರೆ. ಮುಂದಿನದ್ದನ್ನು ಪೇಪರಿನಲ್ಲಿ ಓದುತ್ತೇವೆ.

ನೀರು ಹೊರಕ್ಕೆ ಎಳೆದರೆ ದಡದ ಕಡೆ ಎದುರೀಜು ಬೇಡ, ಸೆಳೆತ ಬಿಡುವವರೆಗೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು. ಇದು ಪ್ರತಿ ಮಗುವಿಗೂ ಗೊತ್ತಿರಬೇಕು. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಇಲ್ಲ, ಎಷ್ಟು ಈಜು ಬಂದರೂ. ದೋಣಿಯಲ್ಲಿ ಬೆಳೆದ ಹಿರಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಹೆಣ್ಣುಮಕ್ಕಳಿಗೆ ಕಲಿಸಲು ಹೆಂಗಸರೇ ಬೇಕೆಂದರೆ ಹುಡುಕೋಣ. ಜಮಾಅತಿನವರು ಸೇರಿ ಹೆಸರು ಬರೆದಿಡಲಿ. ಕಡಲು ತಣಿಯುವುದು ಅಕ್ಟೋಬರಿಗೆ, ಅಲ್ಲಿಯವರೆಗೆ ನಾಲ್ಕು ತಿಂಗಳು ಸಮಯವಿದೆ.