ಲೇಕ್ ವ್ಯೂ ಬಾಡಿಗೆ, ಟ್ಯಾಂಕರ್ ನೀರು

ನಾನು ನಂಜನಗೂಡು ತಾಲ್ಲೂಕಿನ ಬಿಳಿಗೆರೆಯವನು. ಹೆಸರಲ್ಲೇ ಕೆರೆ ಇರೋ ಊರಿನವನಿಗೆ ಬೆಂಗಳೂರಿನ ಬ್ರೋಕರ್ "ಸಾರ್, ಲೇಕ್ ವ್ಯೂ ಇದೆ, ಎರಡು ಸಾವಿರ ಜಾಸ್ತಿ" ಅಂದರೆ ಹೇಗಿರುತ್ತೆ ಹೇಳಿ! ಕೆರೆ ನೋಡೋಕೂ ಬಾಡಿಗೆ...

ನಾನಿರೋದು ಬೆಳ್ಳಂದೂರು ಕೆರೆ ಪಕ್ಕ. ಸುಮಾರು 900 ಎಕರೆಯ ಕೆರೆ. ಊರಿನ ಕೊಳಚೆಯೆಲ್ಲ ಇದಕ್ಕೇ ಹರಿದು, 2015ರ ಮೇನಲ್ಲಿ ನೊರೆಗೇ ಬೆಂಕಿ ಹತ್ತಿತ್ತು. 2018ರ ಜನವರಿಯಲ್ಲಿ ಮತ್ತೆ ಹತ್ತಿದಾಗ ಸೇನೆಯವರೂ ಬಂದು ಆರಿಸಬೇಕಾಯಿತು. ನಮ್ಮ ಕಟ್ಟಡಕ್ಕೆ ಬರೋದು ಮಾತ್ರ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ನಮ್ಮ ಕಡೆಯ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿ ಸೇರಿ, ಮುಂದೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಆಗಿ ಬೆಂಗಳೂರಿಗೆ ಬರುತ್ತಾಳೆ. ಎದುರಿಗಿರೋ ಕೆರೆ ಕೆಡಿಸಿಕೊಂಡು ದೂರದ ಹೊಳೆಗೆ ಕೈ ಚಾಚೋದು ಅಂದರೆ ಇದೇ.

ಇದನ್ನು ಕೇಳೋರು ಯಾರು? ನನ್ನ ಪ್ರಕಾರ ತೊಡಕಿರೋದು ಆ 11 ತಿಂಗಳ ಅಗ್ರಿಮೆಂಟ್‌ನಲ್ಲಿ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು ಯಾಕೆ ಅಂತ ಎಲ್ಲರೂ 11ಕ್ಕೇ ನಿಲ್ಲಿಸುತ್ತಾರೆ. ಹಾಗಾಗಿ ನಾವು ಯಾವಾಗಲೂ ಗಂಟುಮೂಟೆ ಕಟ್ಟೋಕೆ ಸಿದ್ಧವಾಗಿರೋ ನೆಂಟರು. 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಸಂಘವೂ ಮಾಲೀಕರದ್ದೇ. ನಮ್ಮ ಮನೆ ಮಾಲೀಕರು ಇರೋದು ಬೇರೆ ಬಡಾವಣೆಯಲ್ಲಿ. ವಾಸನೆ ಕುಡಿಯೋರು ನಾವು, ಮಾತಾಡೋ ಹಕ್ಕು ಅವರಿಗೆ!

"ಬಾಡಿಗೆಗೆ ಬಂದೋರಿಗ್ಯಾಕೆ ಊರ ಉಸಾಬರಿ, ಸರಿ ಹೋಗಲಿಲ್ಲ ಅಂದ್ರೆ ಬೇರೆ ಮನೆ ನೋಡ್ಕೋ" ಅಂತಾರೆ ಗೆಳೆಯರು. ನೋಡ್ಕೋಬಹುದು. ಆದರೆ ನಾನು ಬಿಟ್ಟ ಮನೆಗೆ ಇನ್ನೊಬ್ಬ ನನ್ನಂಥವನೇ ಬರುತ್ತಾನೆ, ಅವನೂ ಕಿಟಕಿ ಮುಚ್ಚಿಕೊಂಡು 11 ತಿಂಗಳು ಕಳೆಯುತ್ತಾನೆ. ಕೆರೆಗೆ ಹೇಳೋರು ಕೇಳೋರು ಇಲ್ಲದಂತಾಗೋದು ಹೀಗೇ. ಹಳ್ಳಿಯಲ್ಲಿ ನೀರುಗಂಟಿ ಇದ್ದ, ತೂಬು ಅವನ ಕೈಲಿತ್ತು, ತಪ್ಪಿದರೆ ಊರೇ ಬೈಯುತ್ತಿತ್ತು. ಇಲ್ಲಿ ಬೈಯೋಕೆ ಊರೇ ಇಲ್ಲ.

ನಮ್ಮ ಕೈಲಿರೋದು ವೋಟು ಒಂದೇ. ಫಾರಂ 8 ತುಂಬಿ, ಹೊಸ ವಿಳಾಸದ ದಾಖಲೆ ಕೊಟ್ಟರೆ ವೋಟು ಇಲ್ಲಿಗೆ ಬರುತ್ತದೆ. ಒಬ್ಬರಿಗೆ ಒಂದೇ ಕಡೆ ವೋಟು, ಹಾಗಾಗಿ ಊರಿನದ್ದು ಬಿಡಬೇಕು. ಕಷ್ಟ ಇರೋದು ಅಲ್ಲೇ. ಪಂಚಾಯ್ತಿ ಎಲೆಕ್ಷನ್ ಅಂದರೆ ಬಸ್ ಹತ್ತಿ ಊರಿಗೆ ಓಡೋರು ನಾವು. ನಾನು ಬದಲಾಯಿಸಿದೆ ಅಂದಾಗ ಅಪ್ಪ "ಹಂಗಾರೆ ಇನ್ನು ನಮ್ಮೂರೋನಲ್ಲ ಬುಡು" ಅಂದರು. ನಗ್ತಾನೇ ಅಂದರು, ಆದರೂ ಚುರ್ ಅಂತು.

ಆದರೂ ಬದಲಾಯಿಸಿದ್ದು ಸರಿ ಅಂತಲೇ ನನ್ನ ವಾದ. ವರ್ಷಕ್ಕೆ ನಾಲ್ಕು ದಿನ ಹೋಗೋ ಊರಿನ ಮೆಂಬರನ್ನು ಆರಿಸುತ್ತೇವೆ, ದಿನಾ ಉಸಿರಾಡೋ ಊರಿನ ಮೆಂಬರ್ ಹೆಸರೂ ಗೊತ್ತಿರಲ್ಲ. ವೋಟಿಲ್ಲದವರ ಮನೆ ಬಾಗಿಲಿಗೆ ಯಾರು ತಾನೇ ಬರ್ತಾರೆ?

ನಿಮ್ಮ ವೋಟು ಎಲ್ಲಿದೆ? ಊರಲ್ಲಾ, ಬಾಡಿಗೆ ಮನೆಯಲ್ಲಾ?