ಹವಾಮಾನ ಮಾತುಕತೆ: ಮತವಿಲ್ಲದವರು ಅಲ್ಲಿ ಏನು ಮಾಡುತ್ತಾರೆ?

2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಯೊಳಗೆ ನಿಲ್ಲಬೇಕೆಂದು ತೀರ್ಪು ಕೊಟ್ಟಿತು. ಅದೇ ವಾರ, ಅದೇ ದೆಹಲಿಯ ವಿಜ್ಞಾನ ಭವನದಲ್ಲಿ ವಿಶ್ವಸಂಸ್ಥೆಯ ಎಂಟನೇ ಹವಾಮಾನ ಶೃಂಗಸಭೆ ನಡೆಯುತ್ತಿತ್ತು. ಕಳಸ, ಮೂಡಿಗೆರೆ ಕಡೆಯವರಿಗೆ ಮೊದಲನೆಯದು ಚೆನ್ನಾಗಿ ನೆನಪಿದೆ. ಎರಡನೆಯದು ಅಷ್ಟಾಗಿ ನೆನಪಿರಲಾರದು.

ಎರಡೂ ಕಡೆ ಸರ್ಕಾರದವರಲ್ಲದ ಜನ ಇದ್ದರು. ಕುದುರೆಮುಖದ ವಿಚಾರದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ. ಮಳೆಗಾಲದಲ್ಲಿ ಗಣಿಯಿಂದ ಭದ್ರಾ ನದಿಗೆ ಇಳಿಯುತ್ತಿದ್ದ ಹೂಳಿನ ಲೆಕ್ಕವನ್ನು ಹೋರಾಟಗಾರರು ಮುಂದಿಟ್ಟಿದ್ದರು. ಅಲ್ಲಿ ಅರ್ಜಿ ಹಾಕುವ ಹಕ್ಕಿತ್ತು, ಕೇಳಲು ನ್ಯಾಯಾಧೀಶರಿದ್ದರು, ಬಂದ ಆದೇಶವನ್ನು ಎಲ್ಲರೂ ಪಾಲಿಸಲೇಬೇಕಿತ್ತು. ಹವಾಮಾನ ಶೃಂಗಸಭೆಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಹಾಗಿದ್ದರೆ ಪ್ರತಿವರ್ಷ ಸಾವಿರಾರು ಸಂಘಟನೆಗಳವರು ಅಲ್ಲಿಗೆ ಹೋಗುವುದೇಕೆ? ಬರೀ ಫಲಕ ಹಿಡಿದು ಫೋಟೊ ತೆಗೆಸಿಕೊಳ್ಳಲು ಎಂಬ ಮಾತು ವಾಟ್ಸ್‌ಆಪ್‌ನಲ್ಲಿ ಆಗಾಗ ಓಡಾಡುತ್ತದೆ. ಸರ್ಕಾರಗಳನ್ನು ಕುಣಿಸುವವರೇ ಇವರು ಎಂಬ ತದ್ವಿರುದ್ಧ ಮಾತೂ ಇದೆ. ಎರಡೂ ಪೂರ್ತಿ ನಿಜವಲ್ಲ.

ಮೊದಲು ನಿಯಮ ನೋಡೋಣ. 1992ರ ಹವಾಮಾನ ಒಪ್ಪಂದದ 7ನೇ ವಿಧಿಯ ಪ್ರಕಾರ ಸರ್ಕಾರೇತರ ಸಂಸ್ಥೆಗಳನ್ನು ವೀಕ್ಷಕರಾಗಿ ಸೇರಿಸಿಕೊಳ್ಳಬಹುದು. ಹಾಜರಿರುವ ದೇಶಗಳಲ್ಲಿ ಮೂರನೇ ಒಂದು ಭಾಗ ಬೇಡ ಎಂದರೆ ಮಾತ್ರ ಬಾಗಿಲು ಮುಚ್ಚುತ್ತದೆ. ಹೀಗೆ ಬಂದವರನ್ನು ಒಂಬತ್ತು ಬಣಗಳಾಗಿ ವಿಂಗಡಿಸಿದ್ದಾರೆ. ಪರಿಸರ ಸಂಘಟನೆಗಳು, ರೈತರು, ಕಾರ್ಮಿಕ ಸಂಘಗಳು, ಮೂಲನಿವಾಸಿಗಳು, ಮಹಿಳೆಯರು, ಯುವಜನರು, ಸಂಶೋಧಕರು, ಸ್ಥಳೀಯ ಆಡಳಿತಗಳು, ಜೊತೆಗೆ ಉದ್ಯಮಿಗಳು. ಹೌದು, ಉದ್ಯಮಿಗಳೂ ಇಲ್ಲಿ ‘ವೀಕ್ಷಕ’ರೇ. 2023ರ ದುಬೈ ಸಭೆಗೆ ಕಲ್ಲಿದ್ದಲು, ತೈಲ, ಅನಿಲ ಉದ್ಯಮಗಳ ಪರ ಲಾಬಿ ಮಾಡುವ 2,400ಕ್ಕೂ ಹೆಚ್ಚು ಮಂದಿ ಬಂದಿದ್ದರು. ಭಾಗವಹಿಸುವವರ ಪಟ್ಟಿಯನ್ನು ಕೂತು ಜಾಲಾಡಿ ಈ ಲೆಕ್ಕ ತೆಗೆದವರೂ ನಾಗರಿಕ ಸಂಘಟನೆಗಳವರೇ. ವೀಕ್ಷಕರಿಗೆ ಸಿಗುವುದು ಒಂದೆರಡು ನಿಮಿಷದ ಮೈಕು. ಮತ ಇಲ್ಲ, ಮುಚ್ಚಿದ ಕೋಣೆಯ ಮಾತುಕತೆಗೆ ಪ್ರವೇಶವೂ ಇಲ್ಲ.

ಹಾಗಾದರೆ ಅವರ ಬಲ ಎಲ್ಲಿದೆ? ನಮ್ಮ ಪ್ರಕಾರ, ಯಾವ ಲೆಕ್ಕದಲ್ಲಿ ಮಾತಾಡಬೇಕು ಎಂಬುದನ್ನು ಬದಲಿಸುವುದರಲ್ಲಿ. ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 1990ರ ಸುಮಾರಿಗೆ ಅಮೆರಿಕದ ಸಂಸ್ಥೆಯೊಂದು ಭತ್ತದ ಗದ್ದೆ, ದನಕರುಗಳಿಂದ ಬರುವ ಮೀಥೇನನ್ನೂ ಕೂಡಿಸಿ ಭಾರತವನ್ನು ಹೆಚ್ಚು ಮಾಲಿನ್ಯ ಮಾಡುವ ದೇಶಗಳ ಸಾಲಿಗೆ ಸೇರಿಸಿತು. 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಟ್ಟ ಪುಸ್ತಕ ಬರೆದು ಅದೇ ಅಂಕಿಗಳನ್ನು ತಲೆಕೆಳಗು ಮಾಡಿದರು. ಕಾಡು, ಕಡಲು ಹೀರಿಕೊಳ್ಳುವ ಇಂಗಾಲದಲ್ಲಿ ಪ್ರತಿಯೊಬ್ಬ ಮನುಷ್ಯನಿಗೂ ಸಮಪಾಲು ಎಂದು ಹಿಡಿದರೆ ತಪ್ಪಿತಸ್ಥರು ಯಾರು? ಹೊಟ್ಟೆಪಾಡಿಗೆ ಗದ್ದೆ ಮಾಡುವವನ ಹೊಗೆಯೂ, ಷೋಕಿಗೆ ಕಾರು ಓಡಿಸುವವನ ಹೊಗೆಯೂ ಒಂದೇನಾ? ‘ತಲಾವಾರು’ ಎಂಬ ಆ ಲೆಕ್ಕವನ್ನು ಭಾರತ ಸರ್ಕಾರ ಇವತ್ತಿಗೂ ಪ್ರತಿ ಸಭೆಯಲ್ಲೂ ಮಂಡಿಸುತ್ತದೆ.

ಇನ್ನೊಂದು ಉದಾಹರಣೆ ಪೆಸಿಫಿಕ್ ದ್ವೀಪಗಳದ್ದು. 2019ರಲ್ಲಿ ಅಲ್ಲಿನ 27 ಕಾನೂನು ವಿದ್ಯಾರ್ಥಿಗಳು, ಹವಾಮಾನದ ಹೊಣೆಯ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಾಲಯ ಏನು ಹೇಳುತ್ತದೋ ಕೇಳೋಣ ಎಂದು ಹೊರಟರು. ವನುವಾಟು ಸರ್ಕಾರ ಕೈಜೋಡಿಸಿತು. 2023ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ ಎಂದು 2025ರ ಜುಲೈ 23ರಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಇದು ಸಲಹೆ ಅಷ್ಟೇ, ಕುದುರೆಮುಖದ ಆದೇಶದಂತೆ ಗಣಿ ನಿಲ್ಲಿಸುವಂಥದ್ದಲ್ಲ. ಆದರೂ ನ್ಯಾಯಾಧೀಶರೇ ಇಲ್ಲದಿದ್ದ ಜಗಲಿಗೆ ನ್ಯಾಯಾಧೀಶರನ್ನು ಕರೆತಂದಂತಾಯಿತು.

ಈಗ ಕಾಫಿ ಸೀಮೆಗೆ ಬರೋಣ. ಆ ಒಂಬತ್ತು ಬಣಗಳಲ್ಲಿ ಮೂಡಿಗೆರೆಯ ಬೆಳೆಗಾರ ಯಾವುದಕ್ಕೆ ಸೇರುತ್ತಾನೆ? ರೈತರ ಬಣಕ್ಕೆ ತಾನೆ? ಎಸ್ಟೇಟ್ ಕಂಪನಿ ಉದ್ಯಮದ ಕಡೆ, ಲೈನ್‌ಮನೆಯ ಕೂಲಿಯವರು ಕಾರ್ಮಿಕರ ಕಡೆ, ಕುದುರೆಮುಖದ ಮಲೆಕುಡಿಯರು ಮೂಲನಿವಾಸಿಗಳ ಕಡೆ. ‘ನಾಗರಿಕ ಸಮಾಜ’ ಎಂಬ ಒಂದೇ ದನಿ ಇಲ್ಲಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಗಾಡ್ಗೀಳ್ ವರದಿ (2011), ಕಸ್ತೂರಿರಂಗನ್ ವರದಿ (2013) ಬಂದಾಗ ಇವರೆಲ್ಲ ಬೇರೆ ಬೇರೆ ಕಡೆ ನಿಂತದ್ದನ್ನು ನಾವೇ ನೋಡಿದ್ದೇವೆ. ಅದು ಕೊರತೆ ಎಂದು ನಮಗನಿಸುವುದಿಲ್ಲ. ಕೊರತೆ ಇರುವುದು ಈ ಜಗಳ ಘಟ್ಟ ದಾಟಿ ಹೊರಗೆ ಕೇಳಿಸದಿರುವುದರಲ್ಲಿ.

ಕೇಳಿಸದಿದ್ದರೆ ಏನಾಗುತ್ತದೆ? ಯುರೋಪ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ಕಾನೂನು ನೋಡಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ತೋಟದ ಜಾಗವನ್ನು ಉಪಗ್ರಹ ನಕ್ಷೆಯಲ್ಲಿ ಗುರುತಿಸಿ ತೋರಿಸಬೇಕು. ಈ ಕಾನೂನಿಗಾಗಿ ಯುರೋಪಿನ ಪರಿಸರ ಸಂಘಟನೆಗಳು ಲಕ್ಷಾಂತರ ಜನರಿಂದ ಅಭಿಪ್ರಾಯ ಬರೆಸಿದ್ದವು. ಉದ್ದೇಶ ಒಳ್ಳೆಯದೇ. ಆದರೆ ಹಲಸು, ನಂದಿ, ಅತ್ತಿ ಮರಗಳ ನೆರಳಲ್ಲಿ ಕಾಫಿ ಬೆಳೆಯುವ ಎರಡೆಕರೆಯ ರೈತನ ಮಾತು ಆ ಚರ್ಚೆಯಲ್ಲಿ ಬಹಳ ತಡವಾಗಿ ಬಂತು. ಜಾರಿಯ ದಿನಾಂಕ ಮುಂದಕ್ಕೆ ಹೋಗಿದೆ, ಕಾಗದಪತ್ರದ ಹೊರೆ ಮಾತ್ರ ಇಳಿದಿಲ್ಲ. ನಮ್ಮ ಕಾಫಿಯ ದೊಡ್ಡ ಮಾರುಕಟ್ಟೆ ಯುರೋಪೇ ಆದ್ದರಿಂದ ಇದನ್ನು ಅಸಡ್ಡೆ ಮಾಡುವಂತಿಲ್ಲ.

ಮಾತಾಡಲು ಇಲ್ಲಿ ಸರಕಿಲ್ಲವೆಂದಲ್ಲ. ಎಷ್ಟೋ ತೋಟಗಳಲ್ಲಿ ಅಂಗಳದ ಮಳೆಮಾಪಕದ ನೀರನ್ನು ಪ್ರತಿದಿನ ಬೆಳಿಗ್ಗೆ ಅಳೆದು, ಇಂಚು–ಸೆಂಟುಗಳಲ್ಲಿ ಬರೆದಿಡುತ್ತಾರೆ. ತಾತನ ಕಾಲದ ಪುಸ್ತಕಗಳೂ ಕೆಲವರ ಬೀರುವಿನಲ್ಲಿವೆ. ಹೂಮಳೆ ಯಾವಾಗ ಬಂತು, ಜನವರಿಯಲ್ಲೇ ಅಕಾಲಿಕ ಮಳೆಗೆ ಗಿಡ ಹೂಬಿಟ್ಟಿತೇ, ಆಗಸ್ಟ್‌ನ ಜಡಿಮಳೆಗೆ ಕೊಳೆರೋಗ ಬಂದು ಕಾಯಿ ಉದುರಿತೇ, ಎಲ್ಲವೂ ಅವುಗಳಲ್ಲಿ ಸಿಗುತ್ತವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೂ 2025ಕ್ಕೆ ನೂರು ವರ್ಷವಾಯಿತು. ಭದ್ರೆಯ ಹೂಳಿನಂತೆ ಇದೂ ಪುರಾವೆಯೇ. ಬಿಡಿಬಿಡಿಯಾಗಿ ಬಿದ್ದಿದೆ, ಅಷ್ಟೇ.

ಈ ಪುರಾವೆಗೆ ಈಗ ಬೆಲೆ ಬರುವ ಕಾರಣವೂ ಇದೆ. ಹವಾಮಾನ ವೈಪರೀತ್ಯದಿಂದ ಆದ ನಷ್ಟಕ್ಕೆ ಪರಿಹಾರ ಬೇಕೆಂದು ಸಣ್ಣ ದ್ವೀಪ ದೇಶಗಳು 1991ರಲ್ಲೇ ಕೇಳಿದ್ದವು. ನಾಗರಿಕ ಸಂಘಟನೆಗಳು ಪಟ್ಟು ಬಿಡದೆ ಜೊತೆಗೆ ನಿಂತ ಮೇಲೆ, 2022ರಲ್ಲಿ ಈಜಿಪ್ಟಿನ ಸಭೆಯಲ್ಲಿ ‘ನಷ್ಟ ಮತ್ತು ಹಾನಿ’ ನಿಧಿಗೆ ಒಪ್ಪಿಗೆ ಸಿಕ್ಕಿತು. ನಿಧಿಯಲ್ಲಿರುವ ಹಣ ಅಗತ್ಯದ ಎದುರು ಚಿಲ್ಲರೆಯೇ ಸರಿ. ಆದರೆ ಸ್ಥಳೀಯ ಸಮುದಾಯಗಳಿಗೆ ಸಣ್ಣ ಅನುದಾನ ಕೊಡುವ ಅವಕಾಶ ಅದರ ನಿಯಮದಲ್ಲೇ ಇದೆ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದವು. ಸಂತ್ರಸ್ತರು ಪುನರ್ವಸತಿಗಾಗಿ ವರ್ಷಗಟ್ಟಲೆ ಕಾದರು. ನಾಳೆ ಅಂಥ ಊರೊಂದು ಅರ್ಜಿ ಹಾಕಿದರೆ, ಇಂಥ ಮಳೆ ಇಲ್ಲಿ ಮೊದಲು ಬರುತ್ತಿತ್ತೇ ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಉತ್ತರ ಆ ಮಳೆಪುಸ್ತಕಗಳಲ್ಲಿದೆ.